ಕಡಲ ಕರೆಯನ್ನು ಕಾಯುವವರಾರು?

ಕಳೆದ ಓಣಂ ರಜೆ ಮುಗಿದ ವಾರ ಒಂಬತ್ತನೆಯ ತರಗತಿಯ ಮಕ್ಕಳಿಗೆ 'ನಮ್ಮೂರಿನ ಕಡಲ ಕರೆ' ಎಂಬ ವಿಷಯದ ಮೇಲೆ ಪ್ರಬಂಧ ಬರೆದು ತರುವಂತೆ ಹೇಳಿದ್ದೆವು. ಪುಸ್ತಕಗಳು ಬಂದುವು. ಹೆಚ್ಚಿನವುಗಳಲ್ಲಿ ಸೂರ್ಯನು ಕೆಂಪಗೆ ಮುಳುಗುತ್ತಿದ್ದನು, ಅಲೆಗಳು ಮುತ್ತಿನ ಹಾರದಂತೆ ಬಂದು ದಡವನ್ನು ಸೇರುತ್ತಿದ್ದುವು, ತಂಗಾಳಿ ಬೀಸುತ್ತಿತ್ತು. ಗೈಡು ಪುಸ್ತಕಗಳ ಕೃಪೆ ಎಂದು ಬೇರೆ ಹೇಳಬೇಕಾಗಿಲ್ಲ. ಒಂದು ಪುಸ್ತಕದಲ್ಲಿ ಮಾತ್ರ ತಂಗಾಳಿ ಇರಲಿಲ್ಲ. ಬರೇ ಅರ್ಧ ಪುಟದ ಪ್ರಬಂಧ. ಅದರ ಮೊದಲ ವಾಕ್ಯ ಹೀಗಿತ್ತು: "ನಮ್ಮ ಮನೆಯ ಎದುರು ಏಳು ತೆಂಗಿನಮರ ಇತ್ತು, ಈಗ ಮೂರು ಇದೆ." ನಾವು ಕೆಂಪು ಶಾಯಿಯಲ್ಲಿ 'ಮರ' ಎಂಬುದನ್ನು 'ಮರಗಳು' ಎಂದೂ 'ಇತ್ತು' ಎಂಬುದನ್ನು 'ಇದ್ದುವು' ಎಂದೂ ತಿದ್ದಿ, ಹತ್ತರಲ್ಲಿ ನಾಲ್ಕು ಅಂಕ ಹಾಕಿ, ಮುಂದಿನ ಪುಸ್ತಕವನ್ನು ಕೈಗೆತ್ತಿಕೊಂಡೆವು.

ವಚನದೋಷವನ್ನು ತಿದ್ದುವುದು ಕನ್ನಡ ಅಧ್ಯಾಪಕರ ಕರ್ತವ್ಯ, ಅದರಲ್ಲಿ ತಪ್ಪಿಲ್ಲ. ಆದರೆ ಉಳಿದ ನಾಲ್ಕು ಮರಗಳು ಎಲ್ಲಿಗೆ ಹೋದುವು ಎಂದು ಕೇಳುವುದೂ ಕರ್ತವ್ಯವೇ ಎಂಬುದು ಹೊಳೆಯಲು ನಮಗೆ ಎರಡು ದಿನ ಹಿಡಿಯಿತು. ಶನಿವಾರ ಸಂಜೆ ಆ ವಿದ್ಯಾರ್ಥಿನಿಯ ಮನೆಗೆ ಹೋದೆವು. ಜಗಲಿಯಲ್ಲಿ ಕುಳಿತಿದ್ದ ಆಕೆಯ ಅಜ್ಜಿ ಎದ್ದು ಬಂದು, ಕಡಲಿನ ಕಡೆಗೆ ಕೈ ತೋರಿಸಿ ತುಳುವಿನಲ್ಲಿ ಹೇಳಿದರು: "ಅಗೊ, ಅಲ್ಲಿ ನೊರೆ ಕಾಣುತ್ತದಲ್ಲ ಮಾಸ್ಟ್ರೆ, ಅಲ್ಲಿ ನಮ್ಮ ಬಾವಿ ಇತ್ತು. ಅದರಾಚೆಗೆ ದೋಣಿ ಎಳೆದಿಡುವ ಜಾಗ." ನೆಂಟರ ಮನೆಯನ್ನು ದೂರದಿಂದ ತೋರಿಸುವ ಹಾಗೆ ತೋರಿಸಿದರೇ ಹೊರತು ಆ ಮಾತಿನಲ್ಲಿ ದೂರಾಗಲಿ ಅಳುವಾಗಲಿ ಇರಲಿಲ್ಲ. ಬಾವಿ ಹೋದ ಮೇಲೆ ಕುಡಿಯುವ ನೀರನ್ನು ರಸ್ತೆಯ ಬದಿಯ ನಳ್ಳಿಯಿಂದ ಹೊತ್ತು ತರುತ್ತಾರಂತೆ.

ಕಡಲು ಮನೆಯನ್ನು ನುಂಗಿತು ಎಂದು ಪ್ರತಿ ಮಳೆಗಾಲವೂ ಪತ್ರಿಕೆಗಳು ಬರೆಯುತ್ತವೆ. ಕಡಲಿನ ಮೇಲೆ ದೂರು ಹೊರಿಸುವುದು ಸುಲಭ, ಅದು ಪ್ರತ್ಯುತ್ತರ ಬರೆಯುವುದಿಲ್ಲ. ನಿಜವಾಗಿ ನೋಡಿದರೆ ಕಡಲ ಕರೆಯೆಂಬುದು ಹೊಯಿಗೆಯ ಒಂದು ಲೆಕ್ಕಪುಸ್ತಕ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಮೊದಲಾದ ಹನ್ನೆರಡು ಹೊಳೆಗಳು ಕಡಲನ್ನು ಸೇರುತ್ತವೆ. ಗಟ್ಟದ ಕಲ್ಲು ಸವೆದು ಹೊಯಿಗೆಯಾಗಿ ಹೊಳೆಯಲ್ಲಿ ಇಳಿದು ಬಂದು ಅಳಿವೆಯಲ್ಲಿ ಕಡಲಿನ ಕೈಗೆ ಸಿಗುತ್ತದೆ. ಕಡಲು ಅದನ್ನು ಕರೆಯ ಉದ್ದಕ್ಕೂ ಹಂಚುತ್ತದೆ. ಮಳೆಗಾಲದ ದೊಡ್ಡ ಅಲೆಗಳು ಕರೆಯ ಹೊಯಿಗೆಯನ್ನು ಒಳಗೆಳೆದು ಸ್ವಲ್ಪ ದೂರದಲ್ಲಿ ದಿಬ್ಬವಾಗಿ ಇಟ್ಟರೆ, ದೀಪಾವಳಿಯ ಅನಂತರದ ಸಣ್ಣ ಅಲೆಗಳು ಅದನ್ನೇ ಮರಳಿ ತಂದು ಹಾಕುತ್ತವೆ. ಕೊಟ್ಟದ್ದು, ತೆಗೆದುಕೊಂಡದ್ದು ಸರಿದೂಗುವವರೆಗೆ ಕರೆ ಇದ್ದಲ್ಲಿಯೇ ಇರುತ್ತದೆ. ಅಳಿವೆಯಿಂದ ರಾತ್ರೋರಾತ್ರಿ ಲಾರಿಗಟ್ಟಲೆ ಹೊಯಿಗೆ ತೆಗೆದರೆ ಜಮೆ ಕಡಿಮೆಯಾಗಿ ಖರ್ಚು ಮಾತ್ರ ಉಳಿಯುತ್ತದೆ. ಬಂದರಿಗಾಗಿ ಕಡಲೊಳಕ್ಕೆ ಕಲ್ಲಿನ ದಂಡೆ ಕಟ್ಟಿದರೆ ಕರೆಯುದ್ದಕ್ಕೂ ಸಾಗುವ ಹೊಯಿಗೆ ಒಂದು ಮಗ್ಗುಲಲ್ಲಿ ತುಂಬಿ ಇನ್ನೊಂದು ಮಗ್ಗುಲು ಬರಿದಾಗುತ್ತದೆ. ಮನೆ ಉಳಿಸಲೆಂದು ಹಾಕುವ ಕಲ್ಲುಗೋಡೆಗೂ ಅದೇ ಗುಣವಿದೆ. ಗೋಡೆಗೆ ಬಡಿದ ಅಲೆ ಗೋಡೆಯ ಬುಡದ ಹೊಯಿಗೆಯನ್ನೇ ಕೆದಕುತ್ತದೆ, ಗೋಡೆ ಮುಗಿದಲ್ಲಿ ನೆರೆಮನೆಯ ಹಿತ್ತಿಲನ್ನು ಹಿಡಿಯುತ್ತದೆ.

ಕರೆಯಲ್ಲಿ ಹೊಯಿಗೆ ತೆಗೆಯಬಾರದೆಂಬ ನಿಯಮ 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಿಂದಲೇ ಇದೆ. 2011ರಲ್ಲಿಯೂ 2019ರಲ್ಲಿಯೂ ಅಧಿಸೂಚನೆಗಳು ಬದಲಾದುವು, ಹೊಯಿಗೆಯ ನಿಷೇಧ ಉಳಿಯಿತು. ಆದರೂ ಹೊಯಿಗೆ ಹೋಗುತ್ತಿದೆ. ಹೇಗೆ ಹೋಗುತ್ತದೆ ಎಂಬುದನ್ನು ನಾವು ಬೇರೆಯವರಿಂದ ಕೇಳಿ ಬರೆಯಬೇಕಾಗಿಲ್ಲ. ಹದಿನೈದು ವರ್ಷಗಳ ಹಿಂದೆ ಕಡಲಿನಿಂದ ಎಂಟು ಮೈಲು ಮೂಡಕ್ಕೆ ನಾವು ಮನೆ ಕಟ್ಟಿಸಿದೆವು. ಮುರಕಲ್ಲು ಹತ್ತಿರದಲ್ಲೇ ಸಿಕ್ಕಿತು. ಹೊಯಿಗೆಯ ಮಾತು ಬಂದಾಗ ಮೇಸ್ತ್ರಿ, "ಅದರ ಚಿಂತೆ ನಿಮಗೆ ಬೇಡ ಮಾಸ್ಟ್ರೆ, ರಾತ್ರಿ ಬರುತ್ತದೆ" ಎಂದ. ರಾತ್ರಿಯೇ ಏಕೆ ಬರಬೇಕು ಎಂದು ಕೇಳುವಷ್ಟು ತಿಳುವಳಿಕೆ ನಮಗೆ ಇತ್ತು. ಕೇಳಲಿಲ್ಲ. ಆರು ಲೋಡು ಬಂತು. ಅಂಗಳದಲ್ಲಿ ಸುರಿದ ಹೊಯಿಗೆಯಲ್ಲಿ ಮಕ್ಕಳು ಚಿಪ್ಪು ಹೆಕ್ಕಿ ಆಡಿದರು. ಅಜ್ಜಿ ಕೈ ತೋರಿಸಿದ ಆ ನೊರೆಯನ್ನು ನೋಡುತ್ತಿರುವಾಗ ನಮಗೆ ನೆನಪಾದುದು ಆ ಚಿಪ್ಪುಗಳು.

ಇಲ್ಲಿ ಒಂದು ಸಂಕಟವಿದೆ. ಅದನ್ನು ಮರೆಮಾಚಿ ಬರೆದರೆ ಈ ಲೇಖನಕ್ಕೆ ಬೆಲೆಯಿರದು. ನಮ್ಮ ಶಾಲೆಯಲ್ಲಿ ಕಡಲ್ಕೊರೆತದಿಂದ ಮನೆ ಕಳೆದುಕೊಂಡವರ ಮಕ್ಕಳಿದ್ದಾರೆ. ರಾತ್ರಿ ಲಾರಿಗೆ ಹೊಯಿಗೆ ತುಂಬಿ ಬೆಳಿಗ್ಗೆ ಅಕ್ಕಿ ತರುವವರ ಮಕ್ಕಳೂ ಇದ್ದಾರೆ. ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಪಾತ್ರೆಯ ಮಧ್ಯಾಹ್ನದ ಊಟ ಮಾಡುತ್ತಾರೆ. ಲೋಡು ತುಂಬುವವನಿಗೆ ಸಿಗುವುದು ದಿನದ ಕೂಲಿ. ಲಾಭ ಲಾರಿಯವನದು, ಅವನಿಗಿಂತಲೂ ಹೆಚ್ಚಾಗಿ ಅಗ್ಗದಲ್ಲಿ ಮನೆ ಮುಗಿಸಿದ ನಮ್ಮಂಥವರದು. ಪೊಲೀಸರು ಹಿಡಿಯುವುದು ಮಾತ್ರ ಕೂಲಿಯವನನ್ನು. ಆದುದರಿಂದ ಹೊಯಿಗೆ ತೆಗೆಯುವವರನ್ನು ಬೈದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಕೊಳ್ಳುವವನು ಕೇಳಬೇಕು, ಎಲ್ಲಿಯದು ಎಂದು. ಕಲ್ಲು ಪುಡಿಮಾಡಿದ ಎಂ-ಸ್ಯಾಂಡ್ ಈಗ ಸಿಗುತ್ತದೆ. ಅದಕ್ಕೂ ಎಲ್ಲಿಯದೋ ಒಂದು ಗುಡ್ಡ ಕರಗಬೇಕು, ನಿಜ. ಹಾಗಿದ್ದರೂ ಅಳಿವೆಯ ಹೊಯಿಗೆಯಷ್ಟು ನೇರವಾಗಿ ಅದು ಒಬ್ಬ ವಿದ್ಯಾರ್ಥಿನಿಯ ಬಾವಿಯನ್ನು ತೆಗೆಯುವುದಿಲ್ಲ. ಉಪ್ಪು ಹೊಯಿಗೆ ಒಳಗಿನ ಕಬ್ಬಿಣಕ್ಕೆ ತುಕ್ಕು ತರುತ್ತದೆಂಬುದನ್ನು ಮನೆ ಕಟ್ಟಿಸುವ ರಕ್ಷಕರು ನೆನಪಿಟ್ಟರೂ ಸಾಕು.

ಹಾಗಾದರೆ ಕರೆಯನ್ನು ಕಾಯಬೇಕಾದವರಾರು? ಸರಕಾರ ಎಂದು ನಮ್ಮ ಮಕ್ಕಳು ಥಟ್ಟನೆ ಉತ್ತರ ಕೊಡುತ್ತಾರೆ. ಆದರೆ ಸರಕಾರಕ್ಕಿಂತ ಮುಂಚೆಯೂ ಕರೆಗೆ ಕಾವಲಿತ್ತು. ನಮ್ಮ ಜಿಲ್ಲೆಯ ತೆಂಕು ಭಾಗದ ಕಡಪ್ಪುರಗಳಲ್ಲಿ 'ಕಡಕ್ಕೋಡಿ' ಎಂಬ ಕಡಲ ನ್ಯಾಯಾಲಯಗಳಿವೆ. ಮೀನುಗಾರರು ನಂಬುವ ಭಗವತಿ ಕ್ಷೇತ್ರದ ಅಂಗಳದಲ್ಲಿ ಹಿರಿಯರು ಕುಳಿತು, ಯಾವ ಬಲೆ ಹಾಕಬಹುದು, ಯಾವುದನ್ನು ಹಾಕಬಾರದು, ಒಬ್ಬನ ಬಲೆಗೆ ಇನ್ನೊಬ್ಬ ಅಡ್ಡ ಬಂದರೆ ಪಾಲು ಹೇಗೆ ಎಂಬ ವ್ಯಾಜ್ಯಗಳನ್ನು ತೀರ್ಮಾನಿಸುವ ಪದ್ಧತಿ ಅದು. ವಕೀಲರಿಲ್ಲ, ಮುದ್ರೆ ಕಾಗದವಿಲ್ಲ. ನಮ್ಮ ಬಡಗು ಭಾಗದಲ್ಲಿ ರಂಪಣಿಯ ಕಾಲದಲ್ಲಿ ಹತ್ತಾರು ಜನ ಕರೆಯಲ್ಲಿ ನಿಂತು ಒಂದೇ ಬಲೆಯನ್ನು ಎಳೆಯುತ್ತಿದ್ದರು, ಎಳೆದವರಿಗೆಲ್ಲ ಪಾಲಿತ್ತು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಮರೆಯಾಯಿತು, ಸಣ್ಣ ಕೈರಂಪಣಿ ಉಳಿಯಿತು.

ಹಳೆಯದೆಲ್ಲ ಚಿನ್ನವೆಂದು ಹೇಳುವವರು ನಾವಲ್ಲ. ಕಡಕ್ಕೋಡಿಯಲ್ಲಿ ತೀರ್ಪು ಹೇಳುವವರು ಗಂಡಸರೇ. ಮೀನಿನ ಬುಟ್ಟಿ ಹೊತ್ತು ಮನೆ ಸಾಕುವ ಹೆಂಗಸರಿಗೆ ಅಲ್ಲಿ ಆಸನವಿಲ್ಲ. ಒಂದು ಸಮುದಾಯದ ಒಪ್ಪಂದ ಮತ್ತೊಂದು ಸಮುದಾಯವನ್ನು ಕಟ್ಟಿಹಾಕದು. ದೂರದ ಬಂದರಿನಿಂದ ಬಂದ ಟ್ರಾಲ್ ಬೋಟಿಗೆ ಭಗವತಿಯ ಅಂಗಳ ಎಲ್ಲಿದೆಯೆಂದೇ ತಿಳಿಯದು. ಆದರೂ ಕಡಲಿನಿಂದ ಉಣ್ಣುವವನೇ ಕಡಲಿಗೆ ಉತ್ತರ ಹೇಳಬೇಕೆಂಬ ಅದರ ಮೂಲ ಮಾತು ಸರಿಯಾದುದು. ಇಂದು ಕಡಲಿನಿಂದ ಉಣ್ಣುವವರು ಕಡಪ್ಪುರದವರು ಮಾತ್ರವೆ? ಮೂಡಣ ಗುಡ್ಡದ ಅಡಿಕೆ ತೋಟದ ಮನೆಯ ಗೋಡೆಯಲ್ಲಿ ಕಡಲಿದೆ, ಮೀನು ತಿನ್ನುವ ಮನೆಗಳ ಮಧ್ಯಾಹ್ನದ ಊಟದಲ್ಲಿ ಕಡಲಿದೆ. ಉತ್ತರ ಹೇಳುವವರ ಸಾಲಿನಲ್ಲಿ ನಾವೂ ನಿಲ್ಲಬೇಕು.

ಮೀನಿನ ವಿಚಾರವನ್ನೇ ನೋಡೋಣ. ನಾವು ಬೂತಾಯಿ ಎನ್ನುವುದನ್ನೇ ಮಲಯಾಳದ ನೆರೆಯವರು ಮತ್ತಿ ಎನ್ನುತ್ತಾರೆ. 2012ರಲ್ಲಿ ಕೇರಳದಲ್ಲಿ ಸುಮಾರು 3.9 ಲಕ್ಷ ಟನ್ ಮತ್ತಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಬರೇ 3,297 ಟನ್. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕವಿದು. ಅನಂತರದ ವರ್ಷಗಳಲ್ಲಿ ಮತ್ತಿ ಲಕ್ಷ ಟನ್ನಿನ ಮೇಲಕ್ಕೆ ಮರಳಿ ಬಂದುದು ನಮ್ಮ ಭಾಗ್ಯ. ಏರಿಳಿತಕ್ಕೆ ಕಡಲಿನ ಬಿಸಿ, ಮಳೆಯ ಏರುಪೇರು ಮೊದಲಾದ ಕಾರಣಗಳಿವೆ, ಎಲ್ಲವೂ ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದೊಂದು ಉಂಟು, ಮರಿಯನ್ನು ಹಿಡಿಯದಿರುವುದು. ಬೂತಾಯಿ ಮೊಟ್ಟೆಯಿಡುವ ಪ್ರಾಯಕ್ಕೆ ಬರಲು ಸುಮಾರು ಒಂದು ವರ್ಷ ಬೇಕು. ಅದಕ್ಕೆ ಮುಂಚೆಯೇ ಬಲೆಗೆ ಬಿದ್ದರೆ ಮುಂದಿನ ವರ್ಷದ ಮೀನು ಎಲ್ಲಿಂದ ಬರಬೇಕು? ಆದುದರಿಂದಲೇ 2015ರಲ್ಲಿ ಕೇರಳ ಸರಕಾರವು ದೇಶದಲ್ಲಿ ಮೊದಲಾಗಿ 14 ಬಗೆಯ ಮೀನುಗಳಿಗೆ ಹಿಡಿಯಬಹುದಾದ ಕನಿಷ್ಠ ಉದ್ದವನ್ನು ಗೊತ್ತುಮಾಡಿತು, ಬಳಿಕ ಅದು 58ಕ್ಕೆ ಏರಿತು. ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್. ನಮ್ಮ ಪ್ರತಿಯೊಬ್ಬ ವಿದ್ಯಾರ್ಥಿಯ ಕಂಪಾಸು ಪೆಟ್ಟಿಗೆಯಲ್ಲಿಯೂ 15 ಸೆಂಟಿಮೀಟರಿನ ಅಡಿಕೋಲು ಇದೆ. ಅಂದರೆ ಈ ಕಾನೂನನ್ನು ಅಳೆಯುವ ಸಾಧನ ಸರಕಾರಿ ಅಧಿಕಾರಿಗಿಂತ ಮುಂಚೆ ನಮ್ಮ ಮಕ್ಕಳ ಚೀಲದಲ್ಲಿಯೇ ಬಂದು ಕುಳಿತಿದೆ. ಮೀನಿನ ಬುಟ್ಟಿ ಬಾಗಿಲಿಗೆ ಬಂದಾಗ ಒಂದು ಬಂಗುಡೆಯ ಪಕ್ಕದಲ್ಲಿ ಅಡಿಕೋಲನ್ನು ಇಟ್ಟು ನೋಡಲಿ. ಬುಟ್ಟಿ ಹೊತ್ತ ಅಕ್ಕನೊಡನೆ ಜಗಳಕ್ಕೆ ಮಾತ್ರ ನಿಲ್ಲಬಾರದು, ಆಕೆ ಹಿಡಿದದ್ದಲ್ಲ. "ಅಕ್ಕಾ, ಮರಿ ಮೀನು ನಮಗೆ ಬೇಡ" ಎಂದು ಹತ್ತು ಮನೆಯವರು ಹೇಳಿದರೆ ಆ ಮಾತು ಬಂದರಿನ ಏಲಂ ಕಟ್ಟೆಯವರೆಗೂ ಹೋಗಿ ಮುಟ್ಟುತ್ತದೆ. ನಾವು ಕೊಳ್ಳದ ಮರಿಗಳು ಮೀನುಹುಡಿಯ ಕಾರ್ಖಾನೆಗೆ ಹೋಗುತ್ತವಲ್ಲ ಎಂದು ಒಬ್ಬ ರಕ್ಷಕರು ಕೇಳಿದರು. ಹೋಗುತ್ತವೆ. ಅಲ್ಲಿಯವರೆಗೆ ನಮ್ಮ ಅಡಿಕೋಲು ಮುಟ್ಟದು.

ಗಡಿನಾಡಿನವರಾದ ನಮಗೆ ಇನ್ನೊಂದು ವಿಚಿತ್ರವೂ ಕಾಣುತ್ತದೆ. 1980ರ ದಶಕದಲ್ಲಿ ಸಾಂಪ್ರದಾಯಿಕ ಮೀನುಗಾರರು ಹೋರಾಡಿದ್ದರ ಫಲವಾಗಿ 1988ರಲ್ಲಿ ಕೇರಳದಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧ ಬಂತು. ಈಗ ಅದು ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ, 52 ದಿನ. ತಲಪಾಡಿ ದಾಟಿದರೆ ಕರ್ನಾಟಕದಲ್ಲಿ ಜೂನ್ 1ರಿಂದಲೇ, 61 ದಿನ. ಒಂದೇ ಕಡಲು, ಒಂದೇ ಮೀನು, ರಜೆ ಮಾತ್ರ ಎರಡು ಲೆಕ್ಕ. 1956ರ ನವೆಂಬರ್ 1ರಂದು ನೆಲದ ಮೇಲೆ ಎಳೆದ ಗೆರೆ ನಮ್ಮ ಬಾಳನ್ನು ಎಷ್ಟೋ ಬಗೆಯಲ್ಲಿ ಎರಡು ಮಾಡಿದೆ, ಆ ಕತೆ ಇಲ್ಲಿ ಬೇಡ. ಬೂತಾಯಿಗೆ ಭಾಷಾವಾರು ಪ್ರಾಂತ ತಿಳಿಯದು ಎಂಬುದನ್ನಾದರೂ ಎರಡೂ ಕಡೆಯ ಅಧಿಕಾರಿಗಳು ಒಂದೇ ಮೇಜಿನ ಸುತ್ತ ಕುಳಿತು ಒಪ್ಪಬಹುದಲ್ಲವೆ?

ಕಾಯುವುದೆಂದರೆ ಏನು ಎಂಬುದಕ್ಕೆ ಕಡಲಾಮೆಯ ಕತೆ ಒಳ್ಳೆಯ ಪಾಠ. ಕೋಝಿಕ್ಕೋಡ್ ಜಿಲ್ಲೆಯ ಪಯ್ಯೋಳಿಯ ಬಳಿ ಕೊಳಾವಿಪ್ಪಾಲಂ ಎಂಬ ಕಡಪ್ಪುರವಿದೆ. ಅಲ್ಲಿ ಕಡಲಾಮೆಗಳು ಕರೆಗೆ ಬಂದು ಹೊಯಿಗೆಯಲ್ಲಿ ಕುಳಿ ತೋಡಿ ನೂರರಷ್ಟು ಮೊಟ್ಟೆಯಿಟ್ಟು ಹೋಗುತ್ತವೆ. 1992ರಲ್ಲಿ ಅಲ್ಲಿಯ ಮೀನುಗಾರ ಯುವಕರು ಪತ್ರಿಕೆಯಲ್ಲಿ ಬಂದ ಒಂದು ಲೇಖನವನ್ನು ಓದಿ, ಇದು ಅಳಿಯುತ್ತಿರುವ ಜೀವಿಯೆಂದು ತಿಳಿದು, ತಿನ್ನುವುದನ್ನು ಬಿಟ್ಟು ಮೊಟ್ಟೆಗಳನ್ನು ಕಾಯತೊಡಗಿದರು. 'ತೀರಂ' ಎಂಬ ಸಮಿತಿ ಕಟ್ಟಿದರು. ಬೇಲಿ ಹಾಕಿ, ನಾಯಿ ನರಿಗಳಿಂದ ಉಳಿಸಿ, ಒಂದೂವರೆ ಎರಡು ತಿಂಗಳಿಗೆ ಹೊರಬಂದ ಮರಿಗಳನ್ನು ಕಡಲಿಗೆ ಬಿಟ್ಟರು. ಯಾರೂ ಸಂಬಳ ಕೊಟ್ಟದ್ದಲ್ಲ. ಆದರೆ ಹತ್ತಿರದ ಅಳಿವೆಯಲ್ಲಿ ಹೊಯಿಗೆ ತೆಗೆಯುವುದು ನಿಲ್ಲಲಿಲ್ಲ. ಕರೆ ಕೊರೆದುಹೋಯಿತು, ಮೊಟ್ಟೆಯಿಡಲು ಬರುವ ಆಮೆಗಳು ಕಡಿಮೆಯಾದುವು. ಮೊಟ್ಟೆಯನ್ನು ಕಾದರು, ಮೊಟ್ಟೆಯಿಡುವ ನೆಲವನ್ನು ಬೇರೆಯವರು ಹೊತ್ತುಕೊಂಡು ಹೋದರು. ನಮ್ಮ ಜಿಲ್ಲೆಯ ನೀಲೇಶ್ವರದ ತೈಕಡಪ್ಪುರದಲ್ಲಿಯೂ 'ನೈತಲ್' ಎಂಬ ಸಂಸ್ಥೆಯವರು ಇದೇ ಕೆಲಸ ಮಾಡುತ್ತಿದ್ದಾರೆ. ಒಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಕೆಂದಿದ್ದೇವೆ.

2023ರಲ್ಲಿ ನಮ್ಮ ಜಿಲ್ಲಾ ಪಂಚಾಯತು ಜಿಲ್ಲೆಗೆಂದೇ ಒಂದು ಮರ, ಒಂದು ಹೂ, ಒಂದು ಹಕ್ಕಿ, ಒಂದು ಜೀವಿಯನ್ನು ಘೋಷಿಸಿತು. ಹಕ್ಕಿ ಬಿಳಿಹೊಟ್ಟೆಯ ಕಡಲ ಹದ್ದು. ಕಡಪ್ಪುರದ ಎತ್ತರದ ಮರಗಳಲ್ಲಿ ವರ್ಷ ವರ್ಷವೂ ಅದೇ ಗೂಡಿಗೆ ಮರಳುವ ಹಕ್ಕಿ. ಜೀವಿ ಚಂದ್ರಗಿರಿ ಹೊಳೆಯ ಭೀಮನಾಮೆ. ಅದು ಮೊಟ್ಟೆಯಿಡುವುದೂ ಹೊಳೆಯ ಹೊಯಿಗೆಯ ದಿಬ್ಬದಲ್ಲಿಯೇ. ಘೋಷಣೆ ಒಳ್ಳೆಯದು. ಆದರೆ ಹದ್ದಿಗೆ ಮರವೂ ಆಮೆಗೆ ಹೊಯಿಗೆಯೂ ಬೇಕು, ಘೋಷಣೆಯ ಮೇಲೆ ಎರಡಕ್ಕೂ ಕೂರಲಾಗದು.

ಇನ್ನು ಕನ್ನಡ ಶಾಲೆಗೇ ಸಂಬಂಧಪಟ್ಟ ಒಂದು ಮಾತು. ಮಲಯಾಳದಲ್ಲಿ 'ಕಳ್ಳಕ್ಕಡಲ್' ಎಂಬ ಪದವಿದೆ. ಇಲ್ಲಿ ಗಾಳಿಯಿಲ್ಲ, ಮೋಡವಿಲ್ಲ. ದೂರದ ದಕ್ಷಿಣ ಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ದಿನಗಟ್ಟಲೆ ಸಾಗಿ ಬಂದು ಕಳ್ಳನಂತೆ ಕರೆಗೆ ನುಗ್ಗುತ್ತವೆ. ಮೀನುಗಾರರ ಈ ಪದವನ್ನು 2012ರಲ್ಲಿ ಯುನೆಸ್ಕೋ ಅಂಗೀಕರಿಸಿತು, ವಿಜ್ಞಾನಿಗಳೂ ಅದನ್ನೇ ಬಳಸುತ್ತಾರೆ. 2020ರಿಂದ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವು ಇದರ ಮುನ್ಸೂಚನೆ ಕೊಡುತ್ತಿದೆ. 2024ರ ಮಾರ್ಚ್ 31ರಂದು ಕೇರಳದ ಹಲವು ಕಡೆ ಕಡಲು ಹೀಗೆಯೇ ಒಳನುಗ್ಗಿತು. ಎಚ್ಚರಿಕೆಯ ಸಂದೇಶ ನಮ್ಮೂರಿನ ಮೊಬೈಲುಗಳಿಗೂ ಬರುತ್ತದೆ, ಮಲಯಾಳ ಲಿಪಿಯಲ್ಲಿ. ಕನ್ನಡವನ್ನಷ್ಟೇ ಓದಬಲ್ಲ ಅಜ್ಜ ಅದನ್ನು ನೋಡಿ ಮೊಬೈಲನ್ನು ಕಿಸೆಗೆ ಹಾಕಿ ದೋಣಿಯ ಕಡೆಗೆ ನಡೆಯುತ್ತಾರೆ. ಭಾಷಾ ಅಲ್ಪಸಂಖ್ಯಾತರಾದ ನಮಗೆ ಕನ್ನಡದಲ್ಲಿ ಪ್ರಕಟಣೆ ಸಿಗಬೇಕೆಂಬ ಬೇಡಿಕೆ ಹಳೆಯದು, ನ್ಯಾಯವಾದುದು, ಅದನ್ನು ಬಿಡಬಾರದು. ಸಿಗುವವರೆಗೆ ಸುಮ್ಮನೆ ಕುಳಿತಿರಬೇಕಾಗಿಯೂ ಇಲ್ಲ. ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಎರಡೂ ಲಿಪಿ ಬರುತ್ತದೆ. ಎರಡು ಭಾಷೆಯಲ್ಲಿ ಕಲಿತವನು ಎರಡರಲ್ಲಿಯೂ ಅರ್ಧ ಎಂದು ನಮ್ಮನ್ನು ಚಿಕ್ಕಂದಿನಲ್ಲಿ ಹಂಗಿಸಿದವರುಂಟು. ಅಜ್ಜನ ಪ್ರಾಣ ಉಳಿಯುವುದಾದರೆ ಆ ಅರ್ಧ ಸಾಕು. ಎಚ್ಚರಿಕೆ ಬಂದ ದಿನ ಅದನ್ನು ಕನ್ನಡದಲ್ಲಿ ಬರೆದು ಕಡಪ್ಪುರದ ಅಂಗಡಿಯ ಹಲಗೆಗೆ ಅಂಟಿಸುವ ಕೆಲಸವನ್ನು ಹತ್ತನೆಯ ತರಗತಿಯ ನಾಲ್ವರು ವಹಿಸಿಕೊಂಡಿದ್ದಾರೆ.

ಪ್ಲಾಸ್ಟಿಕ್ಕಿನ ಬಗ್ಗೆ ಪ್ರತಿ ವರ್ಷ ಪರಿಸರ ದಿನದಂದು ಭಾಷಣ ಕೇಳಿ ಮಕ್ಕಳಿಗೆ ಸಾಕಾಗಿದೆ. ಒಂದೇ ಮಾತು: ಕೊಲ್ಲಂ ಜಿಲ್ಲೆಯ ನೀಂಡಕರೆಯಲ್ಲಿ 2017ರಿಂದ ಬೋಟಿನವರು ಬಲೆಗೆ ಬಿದ್ದ ಪ್ಲಾಸ್ಟಿಕ್ಕನ್ನು ಮತ್ತೆ ಕಡಲಿಗೆ ಎಸೆಯದೆ ಚೀಲದಲ್ಲಿ ತುಂಬಿ ದಡಕ್ಕೆ ತಂದರು. ಅದನ್ನು ಪುಡಿಮಾಡಿ ರಸ್ತೆಯ ಡಾಮರಿಗೆ ಸೇರಿಸಿದರು. 2025ರ ಮೇ 25ರಂದು ಕೊಚ್ಚಿಯ ಹೊರಗೆ ಮುಳುಗಿದ ಎಂ.ಎಸ್.ಸಿ. ಎಲ್ಸಾ-3 ಹಡಗಿನಿಂದ ಸಾಬಕ್ಕಿಯಂತಹ ಪ್ಲಾಸ್ಟಿಕ್ ಕಾಳುಗಳು ತೆಂಕಣ ಕರೆಗಳಲ್ಲಿ ತುಂಬಿದಾಗ ಅವನ್ನು ಜರಡಿ ಹಿಡಿದು ಹೆಕ್ಕಿದವರೂ ಸಾಮಾನ್ಯ ಜನರೇ.

ಡಿಸೆಂಬರಿನಲ್ಲಿ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ನಾವು ಒಂದು ಸೂಚನೆ ಮುಂದಿಟ್ಟೆವು. ಶಾಲೆಯಲ್ಲಿ ಒಂದು 'ಕರೆ ಪುಸ್ತಕ' ಇರಲಿ. ತಿಂಗಳಿಗೊಮ್ಮೆ ಹುಣ್ಣಿಮೆಯ ಮರುದಿನ ಮಕ್ಕಳು ಕಡಪ್ಪುರಕ್ಕೆ ಹೋಗಿ, ರಸ್ತೆಬದಿಯ ಮುರಕಲ್ಲಿನ ಕಟ್ಟೆಯಿಂದ ಭರತದ ನೀರು ಬಂದು ನಿಂತ ಗುರುತಿನವರೆಗೆ ಹಗ್ಗ ಹಿಡಿದು ಅಳೆದು ಬರೆಯಲಿ ಎಂದು. ಎಸ್.ಎಸ್.ಎಲ್.ಸಿ. ಪರೀಕ್ಷೆ ಎದುರಿಗಿರುವಾಗ ಮಕ್ಕಳಿಗೆ ಹಗ್ಗ ಹಿಡಿಯುವ ಕೆಲಸವೇಕೆ ಎಂದು ಒಬ್ಬ ರಕ್ಷಕರು ಆಕ್ಷೇಪಿಸಿದರು. ತಿಂಗಳಿಗೆ ಒಂದು ಗಂಟೆ, ಅದೂ ಹತ್ತನೆಯವರಲ್ಲ, ಎಂಟು ಒಂಬತ್ತರವರು ಎಂದು ಉತ್ತರ ಕೊಟ್ಟೆವು. ಇನ್ನೊಬ್ಬರು, ಅಳೆದರೆ ಕಡಲು ಹೆದರಿ ಹಿಂದೆ ಹೋದೀತೆ ಎಂದು ನಗೆಯಾಡಿದರು. ಹೋಗದು. ಆದರೆ ನಾಳೆ ಪಂಚಾಯತಿನ ಮುಂದೆ ನಿಂತು ನಮ್ಮ ಕರೆ ಇಷ್ಟು ಹೋಯಿತು ಎಂದು ಹೇಳಬೇಕಾದಾಗ 'ತುಂಬಾ ಹೋಯಿತು' ಎಂದರೆ ಅದು ಅಳು ಮಾತ್ರ, ತಾರೀಕು ಹಾಕಿ ಅಂಕಿ ತೋರಿಸಿದರೆ ಅದು ಅರ್ಜಿ. ಕೊನೆಗೆ ಸಭೆ ಒಪ್ಪಿತು. ಹೊಯಿಗೆ ತುಂಬುವ ಕೆಲಸ ಮಾಡುವ ಒಬ್ಬರು ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಅವರು ಏನೂ ಹೇಳಲಿಲ್ಲ. ಮೊದಲ ಅಳತೆಯ ದಿನ ಹಗ್ಗ ತಂದುಕೊಟ್ಟುದು ಅವರೇ.

ಡಿಸೆಂಬರಿನ ಅಳತೆ 27 ಮೀಟರ್, ಜನವರಿಯದು 29. ಕಡಲು ಹಿಂದೆ ಸರಿಯಿತೆಂದು ಹುಡುಗರು ಕುಣಿದರು. ಅದು ಈ ಋತುವಿನಲ್ಲಿ ಕಡಲು ಮರಳಿಸುವ ಹೊಯಿಗೆ, ಒಂದು ಡಿಸೆಂಬರಿಗೆ ಮುಂದಿನ ಡಿಸೆಂಬರನ್ನೇ ಹೋಲಿಸಬೇಕು ಎಂದು ವಿಜ್ಞಾನದ ಅಧ್ಯಾಪಕರು ತಿಳಿಸಿ ಹೇಳಿದರು. ಪುಸ್ತಕದ ಮೊದಲ ಪುಟದಲ್ಲಿ ಕಡಪ್ಪುರದ ವಿವರವನ್ನು ಆ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೇ ಬರೆದಿದ್ದಾಳೆ. ಅದರಲ್ಲಿ ಏಳು ಮರದ ಮಾತೂ ಇದೆ, 'ಇತ್ತು' ಎಂದೇ ಇದೆ.

ಪುಸ್ತಕವು ವಾಚನಾಲಯದ ಕಪಾಟಿನಲ್ಲಿದೆ, ರಕ್ಷಕರು ಯಾವ ದಿನ ಬಂದರೂ ನೋಡಬಹುದು. ಜೂನ್‌ನಿಂದ ಆಗಸ್ಟ್‌ವರೆಗೆ ಮಕ್ಕಳನ್ನು ಕರೆಗೆ ಕಳುಹಿಸುವುದಿಲ್ಲ. ಆ ಮೂರು ತಿಂಗಳ ಅಳತೆಯನ್ನು ಕಡಪ್ಪುರದ ಹಿರಿಯರು ಯಾರಾದರೂ ವಹಿಸಿಕೊಳ್ಳುವುದಾದರೆ ಮೇ ತಿಂಗಳೊಳಗೆ ಶಾಲೆಗೆ ತಿಳಿಸಬೇಕಾಗಿ ಕೋರುತ್ತೇವೆ.